ಏಳನೇ ಪಾಠದಿಂದ ಶುರು ಮಾಡಿದ ಡ್ರಿಲ್ ಮೇಷ್ಟ್ರು

ಡ್ರಿಲ್ ಮೇಷ್ಟ್ರು ಬಂದರು ಅಂದರೆ ಆ ಬೀದಿಯ ಅರ್ಧ ಜನಕ್ಕೆ ಈಗಲೂ ಬೆನ್ನು ತಾನಾಗೇ ನೆಟ್ಟಗಾಗುತ್ತದೆ. ಮೂವತ್ನಾಲ್ಕು ವರ್ಷ ಸ್ಕೂಲಿನ ಮೈದಾನದಲ್ಲಿ ಸೀಟಿ ಊದಿದ ಮನುಷ್ಯ. ಓಡುವಾಗ ಬಿದ್ದ ಮಕ್ಕಳಿಗೆಲ್ಲ ಅವರದು ಒಂದೇ ಮಾತು: ಏಳು, ಏನೂ ಆಗಿಲ್ಲ. ಮಕ್ಕಳೂ ಏಳುತ್ತಿದ್ದವು ಅನ್ನಿ. ಮೇಷ್ಟ್ರ ಎದುರಿಗೆ ಬಿದ್ದುಕೊಂಡೇ ಇರೋಕೆ ಯಾರಿಗಿತ್ತು ಗುಂಡಿಗೆ? ನಿವೃತ್ತಿಯಾಗಿ ಆರು ವರ್ಷ ಕಳೆದರೂ ಬೆಳಿಗ್ಗೆ ಎದ್ದು ಎರಡನೇ ಮಹಡಿಯ ಮನೆಯಿಂದ ಮೆಟ್ಟಿಲು ಎಣಿಸುತ್ತಾ ಇಳಿದು, ಎಣಿಸುತ್ತಾ ಹತ್ತಿ ಬರುವ ಚಾಳಿ ಅವರನ್ನು ಬಿಟ್ಟಿರಲಿಲ್ಲ.

ಅಂಥವರ ಹೆಂಡತಿ, ಮನೆಯಲ್ಲೇ ಯೂನಿಫಾರಂ ಹೊಲಿಯುವ ಟೈಲರಮ್ಮ, ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿದಿರಲಿಲ್ಲ, ಪುಣ್ಯ. ಆದರೆ ಮೇಷ್ಟ್ರ ಕೈಲಿ ಅವರನ್ನು ಎತ್ತೋಕಾಗಲಿಲ್ಲ. ಎಳೆದರು, ತಬ್ಬಿ ಹಿಡಿದರು, ಸಾಕಾಗಿ ಬಾಗಿಲಲ್ಲಿ ನಿಂತುಬಿಟ್ಟರು. ಮಗಳು ಲ್ಯಾಬಿನ ಕೆಲಸ ಬಿಟ್ಟು ಓಡಿ ಬರುವ ಹೊತ್ತಿಗೆ ನಲವತ್ತು ನಿಮಿಷ ಆಗಿತ್ತು. ಅಷ್ಟು ಹೊತ್ತೂ ಆ ಹೆಂಗಸು ಒದ್ದೆ ನೆಲದ ಮೇಲೇ ಇದ್ದರು.

ಅವತ್ತಿನಿಂದ ಟೈಲರಮ್ಮ ಮಗಳು ಬಂದಾಗ ಮಾತ್ರ ಸ್ನಾನಕ್ಕೆ ಹೋಗೋಕೆ ಶುರು ಮಾಡಿದರು. ಗಂಡ ಮನೆಯಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಒಂದು ದಿನ ಹೊಲಿಗೆಯಿಂದ ಕಣ್ಣೆತ್ತದೆ, ಮುಂದಿನ ತಿಂಗಳ ಕೊನೇ ಭಾನುವಾರ ತಂಗಿ ಮನೆಗೆ ಹೋಗಿ ಇದ್ದುಬಿಡುತ್ತೇನೆ ಅಂದರು. ಅಲ್ಲಿ ಮನೆ ತುಂಬ ಜನ, ಮೆಟ್ಟಿಲ ಕಾಟವೂ ಇಲ್ಲ. ಎಷ್ಟು ದಿನಕ್ಕೆ ಅಂತ ಮೇಷ್ಟ್ರು ಕೇಳಿದರು. ಟೈಲರಮ್ಮ ಮಿಷನ್ನು ತುಳಿಯುತ್ತಲೇ ಇದ್ದರು.

ಮನಸ್ಸಿನದನ್ನು ಮಾತಿನಲ್ಲಿ ಹೇಳಿಕೊಳ್ಳೋ ಜಾಯಮಾನ ಮೇಷ್ಟ್ರದಲ್ಲ. ತೋಳಿನಲ್ಲಿ ಬಲ ಬಂದರೆ ಹೆಂಡತಿ ಉಳಿಯುತ್ತಾಳೆ ಅಂತ ಅವರೇ ಒಂದು ಲೆಕ್ಕ ಹಾಕಿಕೊಂಡರು. ಮಗಳನ್ನು ಮೂಲೆಗೆ ಕರೆದು, ಫೋನಿನಲ್ಲಿ ವ್ಯಾಯಾಮ ಹೇಳಿಕೊಡುವವರು ಇರುತ್ತಾರಂತಲ್ಲ, ಒಳ್ಳೆಯವರು ಯಾರು ಅಂತ ವಿಚಾರಿಸಿದರು. ಅವಳು ಸಂಜೆಯೊಳಗೆ ಐದು ಜನರ ಪಟ್ಟಿ ಕಳಿಸಿದಳು.

ಅಯ್ಯೋ, ಆ ಪಟ್ಟಿಯೋ! ಒಬ್ಬ ಭಾರ ಎತ್ತುವುದಕ್ಕಿಂತ ಹೆಚ್ಚಾಗಿ ಕೂಗಾಡುತ್ತಿದ್ದ. ಇನ್ನೊಬ್ಬ ಅಂಗಿ ತೊಟ್ಟಿದ್ದನ್ನು ಕಂಡವರಿಲ್ಲ. ಮೂರನೆಯವನು ಎರಡು ನಿಮಿಷ ಬಸ್ಕಿ ಹೊಡೆದು ಹತ್ತು ನಿಮಿಷ ಡಬ್ಬಿಯ ಪ್ರೋಟೀನ್ ಪುಡಿಯ ಗುಣಗಾನ ಮಾಡುತ್ತಿದ್ದ. ನಾಲ್ಕನೆಯವಳು ಸ್ನಾಯುಗಳ ಹೆಸರು ಹೇಳುವಷ್ಟರಲ್ಲಿ ಮೇಷ್ಟ್ರಿಗೆ ತೂಕಡಿಕೆ ಬಂತು. ನನ್ನ ಮೈದಾನದಲ್ಲಿ ಇವರನ್ನೆಲ್ಲ ನಾಲ್ಕು ಸುತ್ತು ಓಡಿಸುತ್ತಿದ್ದೆ ಅಂತ ಗೊಣಗಿಕೊಂಡು ಐದನೆಯದನ್ನು ಒತ್ತಿದರು.

ಅಲ್ಲಿದ್ದದ್ದು ಐವತ್ತು ದಾಟಿದ ಒಬ್ಬ ಹೆಂಗಸು. ಹಿಂದೆ ಕಾರು, ಪಕ್ಕದಲ್ಲಿ ಹಳೇ ಟೈರು, ಕೈಯಲ್ಲಿ ಮರಳಿನ ಚೀಲ. ಹಾಡಿಲ್ಲ, ಆರ್ಭಟ ಇಲ್ಲ. ಹೇಗೆ ಬಗ್ಗಬೇಕು, ಯಾವಾಗ ಉಸಿರು ಬಿಡಬೇಕು, ಎಲ್ಲಿ ನೋವಾದರೆ ನಿಲ್ಲಿಸಬೇಕು, ಅಷ್ಟೇ. ಮೇಷ್ಟ್ರು ಅವಳಿಗೆ ಗ್ಯಾರೇಜಿನ ಅಕ್ಕ ಅಂತ ಹೆಸರಿಟ್ಟರು. ಒಟ್ಟು ಮೂವತ್ತು ಪಾಠ, ಮೊದಲ ಆರು ಹೊಸಬರಿಗೆ ಅಂತ ಬರೆದಿತ್ತು. ಮೂವತ್ನಾಲ್ಕು ವರ್ಷ ಡ್ರಿಲ್ ಮಾಡಿಸಿದವನು ಹೊಸಬನೇ? ಮೇಷ್ಟ್ರು ಸೀದಾ ಏಳನೇ ಪಾಠಕ್ಕೆ ಹಾರಿದರು.

ಹೆಂಡತಿಯ ಕತ್ತರಿ ಮೇಜಿನ ಕೆಳಗಿದ್ದ ಚಿಂದಿ ಬಟ್ಟೆಯನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ, ನಡುವೆ ಮರಳು ಸೇರಿಸಿ, ತಾರಸಿಯ ಮೇಲೆ ಬಚ್ಚಿಟ್ಟರು. ದಿನಾ ಬೆಳಿಗ್ಗೆ ಅದನ್ನು ಎತ್ತೋದು, ಇಳಿಸೋದು. ವಾರ ವಾರಕ್ಕೂ ಮರಳು ಹೆಚ್ಚಿಸಿದರು. ಚೀಲ ಐವತ್ತೆರಡು ಕೆಜಿಗೆ ಬಂದು ನಿಂತಿತು. ಅದು ಟೈಲರಮ್ಮನ ತೂಕ. ಅದನ್ನು ಎದೆಯವರೆಗೂ ಎತ್ತಿದ ದಿನ ಅರವತ್ತಾರರ ಆ ಮನುಷ್ಯನ ಕಣ್ಣಲ್ಲಿ ನೀರು ಬಂತು. ಇನ್ನು ಬಿದ್ದರೆ ಬೀಳಲಿ, ನಾನಿದ್ದೇನೆ ಅಂದುಕೊಂಡರು.

ಭಾನುವಾರಕ್ಕೆ ಮೂರು ದಿನ ಇದೆ ಅನ್ನುವಾಗ ಟೈಲರಮ್ಮ ಮತ್ತೆ ಬಿದ್ದರು. ಕೆಳಗೆ ಜಾರಿದ ಬಟ್ಟೆಗೆ ಕಾಲು ಸಿಕ್ಕಿಕೊಂಡು, ಮಿಷನ್ನಿಗೂ ಮೇಜಿಗೂ ನಡುವೆ ಕುಸಿದು ಕೂತರು. ಮೇಷ್ಟ್ರು ಓಡಿ ಬಂದರು. ಇದಕ್ಕೇ ಕಾದಿದ್ದವರ ಹಾಗೆ ಬಗ್ಗಿ, ಬೆನ್ನು ನೆಟ್ಟಗೆ ಮಾಡಿ, ಹೆಂಡತಿಯ ಕಂಕುಳಿಗೆ ಕೈ ಕೊಟ್ಟು, ಒಂದ್, ಎರಡ್ ಅಂತ ಎತ್ತಿದರು. ಚೀಲಕ್ಕೆ ಭುಜ ಇರಲಿಲ್ಲ, ಇವರಿಗೆ ಇತ್ತು. ಟೈಲರಮ್ಮ ಕಿರುಚಿದ ರಭಸಕ್ಕೆ ಮೇಷ್ಟ್ರು ಕೈಬಿಟ್ಟರು.

"ಮುಟ್ಟಬೇಡಿ ನನ್ನ" ಅಂದರು ಟೈಲರಮ್ಮ.

ಮೇಷ್ಟ್ರು ಮಗಳಿಗೆ ಫೋನು ಮಾಡಿದರು. ಬರೋಕೆ ಒಂದು ಗಂಟೆಯಾದರೂ ಆಗುತ್ತದೆ, ಅಲ್ಲಿಯವರೆಗೆ ಪಟ್ಟಿಯ ಕೊನೆಯಲ್ಲಿದ್ದ ಆ ಗ್ಯಾರೇಜಿನವಳು ಮೊದಲನೇ ಪಾಠದಲ್ಲಿ ಹೇಳಿದ ಹಾಗೆ ಮಾಡಿ ಅಂದಳು ಅವಳು. ಮಗಳು ಆಕೆಯನ್ನು ಪಟ್ಟಿಗೆ ಸೇರಿಸಿದ್ದೇ ಆ ಮೊದಲ ಪಾಠಕ್ಕಾಗಿ ಅಂತೆ. ನೋಡಿಲ್ಲ ಅಂತ ಒಪ್ಪಿಕೊಳ್ಳೋಕೆ ಮೇಷ್ಟ್ರಿಗೆ ನಾಲಿಗೆ ಏಳಲಿಲ್ಲ. ಫೋನಿಟ್ಟು ಆ ಪಾಠ ಹುಡುಕಿ ಹಚ್ಚಿ, ಫೋನನ್ನು ಮಿಷನ್ನಿನ ಕಾಲಿಗೆ ಒರಗಿಸಿದರು.

ಗ್ಯಾರೇಜಿನ ಅಕ್ಕ ಈ ಪಾಠದಲ್ಲಿ ಚೀಲ ಹಿಡಿದಿರಲಿಲ್ಲ. ನೆಲದ ಮೇಲೆ ಕೂತಿದ್ದಳು, ಪಕ್ಕದಲ್ಲಿ ಒಂದು ಕುರ್ಚಿ.

"ಬಿದ್ದವರನ್ನ ಎತ್ತೋಕೆ ಹೋಗಬೇಡಿ" ಅಂದಳು. "ಮೊದಲು ನೀವೂ ನೆಲಕ್ಕೆ ಕೂತ್ಕೊಳ್ಳಿ. ಎಲ್ಲಿ ನೋವು ಅಂತ ಕೇಳಿ. ಅವರು ಹೇಳಿ ಮುಗಿಸೋ ತನಕ ಸುಮ್ಮನಿರಿ."

ಮೇಷ್ಟ್ರು ಮೊಣಕಾಲು ಮಡಚಿ, ಕೈ ಊರಿ, ಚಿಂದಿಗಳ ನಡುವೆ ಹೆಂಡತಿಯ ಎದುರಿಗೆ ಕೂತರು. ಅಷ್ಟೂ ವರ್ಷ ಬಿದ್ದ ಒಂದು ಮಗುವನ್ನೂ ಅವರು ಆ ಪ್ರಶ್ನೆ ಕೇಳಿರಲಿಲ್ಲ.

"ಎಲ್ಲಿ ನೋವು?"

ಟೈಲರಮ್ಮ ಎಡಭುಜ ತೋರಿಸಿದರು. ಅದು ಈಗ ನೀವು ಮಾಡಿದ್ದು ಅಂದರು. ಸೊಂಟ ಪರವಾಗಿಲ್ಲ, ಕಾಲು ಆಡುತ್ತದೆ ಅಂದರು. ಮೇಷ್ಟ್ರು ಬಾಯಿ ತೆರೆಯಲಿಲ್ಲ.

"ಅವತ್ತು ಬಚ್ಚಲಲ್ಲಿ ಅಷ್ಟೇನೂ ನೋವಿರಲಿಲ್ಲ ರೀ" ಅಂದರು ಟೈಲರಮ್ಮ ಕೊನೆಗೆ. "ನಲವತ್ತು ನಿಮಿಷ ಬಾಗಿಲಲ್ಲಿ ನಿಂತು, ಏಳು, ಏನೂ ಆಗಿಲ್ಲ ಏಳು, ಅಂತ ಗದರಿಸ್ತಾನೇ ಇದ್ರಿ. ಒಳಗೆ ಬಂದು ಒಂದು ಸಲಾನೂ ನನ್ನ ಪಕ್ಕ ಕೂರಲಿಲ್ಲ. ನಿಮ್ಮ ಮುಂದೆ ಬೀಳೋದಕ್ಕಿಂತ ಬೇರೆಯವರ ಮನೇಲಿ ಬೀಳೋದು ವಾಸಿ ಅನ್ನಿಸ್ತು."

ಮೇಷ್ಟ್ರು ತಲೆ ತಗ್ಗಿಸಿದರು. ನನಗೆ ಭಯ ಆಗಿತ್ತು ಕಣೇ ಅಂದರು, ಅದೂ ನೆಲ ನೋಡಿಕೊಂಡು. ಟೈಲರಮ್ಮ ಆ ಮಾತನ್ನು ನಲವತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

ಆಮೇಲೆ ಗ್ಯಾರೇಜಿನ ಅಕ್ಕ ಹೇಳಿದ ಹಾಗೆ ಮಾಡಿದರು. ಮೇಷ್ಟ್ರು ಕುರ್ಚಿ ತಂದಿಟ್ಟು, ಮತ್ತೆ ನೆಲಕ್ಕೆ ಕೂತು, ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಟೈಲರಮ್ಮ ಬಲಮಗ್ಗುಲಿಗೆ ಹೊರಳಿ, ಮಂಡಿಯೂರಿ, ಒಳ್ಳೆಯ ಕೈಯನ್ನು ಕುರ್ಚಿಯ ಮೇಲಿಟ್ಟರು. ನಡುವೆ ಎರಡು ಸಲ ನಿಂತು ಸುಧಾರಿಸಿಕೊಂಡರು. ಒಂದ್, ಎರಡ್ ಅನ್ನೋದು ಮೇಷ್ಟ್ರ ನಾಲಿಗೆ ತುದಿಗೆ ಬಂತು, ನುಂಗಿಕೊಂಡರು. ಹೆಂಡತಿ ಏಳುವ ತನಕ ತಾವೂ ಕೆಳಗೇ ಕೂತಿದ್ದರು.

ಕುರ್ಚಿಯ ಮೇಲೆ ಕೂತು ಉಸಿರು ಹದಕ್ಕೆ ಬಂದ ಮೇಲೆ ಟೈಲರಮ್ಮ ಫೋನು ತೆಗೆದುಕೊಂಡು ತಂಗಿಯ ಜೊತೆ ಮಾತಾಡಿದರು. ಈ ಭಾನುವಾರ ಬರೋಕಾಗಲ್ಲ, ಮುಂದಿನದು ಆಮೇಲೆ ನೋಡೋಣ ಅಂದರು. ಮೇಷ್ಟ್ರು ಇನ್ನೂ ನೆಲದ ಮೇಲೇ ಇದ್ದರು, ಮೊಣಕಾಲು ಹಿಡಿದುಕೊಂಡಿತ್ತು. ಟೈಲರಮ್ಮ ಮೆಲ್ಲಗೆ ಎದ್ದು, ಕುರ್ಚಿಯನ್ನು ಬಲಗೈಯಲ್ಲಿ ಗಂಡನ ಹತ್ತಿರಕ್ಕೆ ಸರಿಸಿದರು.

"ನಿಮಗೆಲ್ಲಿ ನೋವು ಹೇಳಿ" ಅಂದರು.