ಡಮರುಗದ ನಡು

ಹಂಸಭಾವಿಯ ಅಂಕಿತಾ ರೊಟ್ಟಿ ಬಡಿಯುತ್ತಲೇ ಒಲೆಯ ಮುಂದೆ ದೊಪ್ಪನೆ ಬಿದ್ದಳು. ಬೀಳದೆ ಇನ್ನೇನು ಮಾಡಿಯಾಳು? ಇಪ್ಪತ್ತು ದಿನದಿಂದ ಹೊತ್ತಿಗೆ ಅರ್ಧ ರೊಟ್ಟಿ, ಬೆಳಗಾದರೆ ಮಾಳಿಗೆಯ ಮೇಲೆ ನೂರು ಬಸ್ಕಿ, ಸಾಲದ್ದಕ್ಕೆ ಚೂಡಿದಾರದೊಳಗೆ ಹೊಟ್ಟೆಗೆ ಬಿಗಿದ ರಬ್ಬರಿನ ಪಟ್ಟಿ. ಮೊಬೈಲ್ ತೆರೆದರೆ ಅದೇ ಮೈ. ಮೇಲೆ ಕೆಳಗೆ ತುಂಬಿಕೊಂಡು, ನಡು ಮಾತ್ರ ಡಮರುಗದ ಹಾಗೆ ಹಿಡಿಯಷ್ಟು. ಯಾವ ಮನುಷ್ಯರಿಗೆ ಅಂಥ ನಡು ಇರುತ್ತದೆ, ಹಾಳಾದ್ದು! ಆದರೆ ಹೋದ ತಿಂಗಳು ನೋಡಲು ಬಂದ ಸವಣೂರಿನವರು "ಹುಡುಗಿ ನಡಾ ದಪ್ಪ ಐತಿ" ಎಂದು ಹೇಳಿ ಕಳಿಸಿದ್ದರು. ಆ ಸಿಟ್ಟಿಗೆ ಪಟ್ಟಿ ತರಿಸಿಕೊಂಡಿದ್ದಳು.

ಓಣಿಯ ಬಾಣಂತಿಯರಿಗೆಲ್ಲ ಎರೆದು, ಹಳೆಯ ಸೀರೆ ಹರಿದು ಹೊಟ್ಟೆ ಕಟ್ಟುವ ದುರಗವ್ವ ಆಗಷ್ಟೇ ಒಳಗೆ ಬಂದಿದ್ದಳು. ಗಾಳಿಯಾಡಲೆಂದು ಅಂಕಿತಾಳ ಅಂಗಿ ಸರಿಸಿದವಳು ಗಕ್ಕನೆ ನಿಂತಳು. ಪಟ್ಟಿಯ ಅಂಚಿಗುಂಟ ಕೆಂಪು ಬಾಸುಂಡೆ ಎದ್ದಿದ್ದವು.

"ಸರೋಜಕ್ಕಾರ, ಮೊದಲ ಬಾಗಲಾ ಹಾಕ್ರಿ. ಮದಿವಿ ಆಗದ ಹುಡುಗಿ ಹೊಟ್ಟಿ ಯಾಕ ಕಟ್ಟಿಕೊಂಡಾಳ?"

ತಾಯಿ ಸರೋಜವ್ವನ ಮುಖ ಬಿಳಿಚಿತು. ಕಣ್ಣು ತೆರೆದ ಮಗಳಿಗೆ ಮೊದಲು ಸಿಕ್ಕಿದ್ದು ನೀರಲ್ಲ, ಕಪಾಳಕ್ಕೆ ಏಟು.

"ಯಾರದು? ಎಲ್ಲಿ ಹೋಗಿ ತಗಿಸಿಕೊಂಡು ಬಂದಿ? ನಿಮ್ಮಪ್ಪಗ ಏನಂತ ಹೇಳ್ಲಿ?"

ಅಂಕಿತಾಳಿಗೆ ಮಾತು ತಲೆಗೆ ಹೋಗಲು ತುಸು ಹೊತ್ತು ಬೇಕಾಯಿತು. ಹೋದ ಮೇಲೆ ಮೈಯೆಲ್ಲ ಉರಿಯಿತು. ಮೊಬೈಲ್ ಎತ್ತಿ ಅವ್ವನ ಮುಖಕ್ಕೆ ಹಿಡಿದಳು. ಪರದೆಯಲ್ಲಿ ಅಂಥದೇ ಪಟ್ಟಿ ಬಿಗಿದ ಹುಡುಗಿಯೊಬ್ಬಳು ನಗುತ್ತ ನಡು ತಿರುಗಿಸುತ್ತಿದ್ದಳು.

"ನೋಡು. ಸಣ್ಣ ಆಗಾಕ ಕಟ್ಟಿಕೊಂಡೇನಿ. ಮತ್ತೇನಿಲ್ಲ."

ಸರೋಜವ್ವ ದೇವರ ಜಗಲಿಗೆ ಕೈ ಮುಗಿದಳು. "ನನ್ನಪ್ಪ, ಮಾನ ಉಳಿಸಿದಿ! ಇಷ್ಟ ಏನು?" ಕಣ್ಣೊರೆಸಿಕೊಂಡು ಮಗಳ ನಡು ದಿಟ್ಟಿಸಿದಳು. "ತುಸು ಇಳದೈತಿ ನೋಡು. ಆಯಿತವಾರ ಶಿಗ್ಗಾಂವಿಯವರು ಬರಾಕತ್ತಾರ. ಅಲ್ಲೀತನಕ ಬಿಚ್ಚಬ್ಯಾಡ."

"ಅದನ್ಯಾಕ ಕಟ್ಟತೀರಿ, ಹಳೇ ಸೀರಿ ತರ್ರಿ," ದುರಗವ್ವ ನಕ್ಕಳು. "ನಾ ಬಿಗಿದ್ರ ಇದರ ಎರಡಪಟ್ಟು ಬಿಗೀತೇನಿ."

ಅಂಕಿತಾಳ ಕೆನ್ನೆ ಇನ್ನೂ ಚುರುಗುಡುತ್ತಿತ್ತು.

"ಮಗಳು ಬಸರಾಗಿದ್ಲು ಅಂತ ತಿಳದು ಕೊಲ್ಲಾಕ ಬಂದಿ. ಉಸರು ಕಟ್ಟಿ ಬಿದ್ದಾಳ ಅಂದ್ರ ಚಲೋ ಆತು ಅಂತೀಯಲ್ಲವ್ವಾ! ನಡಾ ಸಣ್ಣ ಆದ್ರ ನಾ ಸತ್ರೂ ನಡೀತೈತೇನು ನಿಮಗ?"

ಕೊಂಡಿ ಒಂದೊಂದೇ ಕಿತ್ತು, ಪಟ್ಟಿಯನ್ನು ಒಲೆಗೆ ತುರುಕಿದಳು. ಮನೆ ತುಂಬ ಸುಟ್ಟ ರಬ್ಬರಿನ ನಾತ. ಸರೋಜವ್ವ ಬಾಯಿ ಬಡಿದುಕೊಂಡಳು. ಅಂಕಿತಾ ರೊಟ್ಟಿಯ ಬುಟ್ಟಿ ಎಳೆದುಕೊಂಡು ಕುಂತು, ಒಂದು ಇಡೀ ರೊಟ್ಟಿಯನ್ನು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದಳು. ಉಸಿರು ಹೊಟ್ಟೆಯ ತಳದವರೆಗೆ ಹೋಗಿ ಬಂತು.

"ಶಿಗ್ಗಾಂವಿಯವರಿಗೆ ಫೋನ್ ಹಚ್ಚು. ಹುಡುಗಿ ನಡಾ ದಪ್ಪ ಐತಿ, ಹೊಟ್ಟಿ ತುಂಬ ಉಣ್ತಾಳ, ಬರೂದಿದ್ರ ಬರ್ರಿ ಅಂತ ಹೇಳು."

ಸರೋಜವ್ವ ಫೋನ್ ಮುಟ್ಟಲಿಲ್ಲ. ಅಂಕಿತಾ ಎರಡನೆಯ ರೊಟ್ಟಿ ಮುರಿಯುತ್ತ, ಎಡಗೈಯಲ್ಲಿ ತಾನೇ ನಂಬರು ಒತ್ತಿದಳು.