ಕೋಡಿಯಲ್ಲಿ ಕಿತ್ತ ಹಗ್ಗ

ಎಂಥೆಂಥ ಗಂಡಸರನ್ನೋ ನೀವು ನೋಡಿರಬಹುದು. ಬಾವಿ ಸೇದುವ ಹಗ್ಗವನ್ನು ಬರಿಗೈಯಲ್ಲೇ ಎಳೆದು ಕಿತ್ತವನನ್ನು ಮಾತ್ರ ನೋಡಿರಲಾರಿರಿ. ಅವನೇ ಬಾಗಲೂರು ಕಡೆಯ ಕದಿರಪ್ಪ! ಬೇಸಿಗೆಯಲ್ಲಿ ಕೆರೆ ಮೊಣಕಾಲಿಗಿಳಿದರೆ ಬೀಸುಬಲೆ, ಚಳಿಗೆ ಮೀನು ತಳ ಸೇರಿದರೆ ಎರೆಹುಳುವಿನ ಗಾಳ, ಮಳೆಗೆ ಕೋಡಿ ಹರಿದರೆ ಬಿದಿರಿನ ಕೂಳಿ. ಮೀನು ಹಿಡಿಯುವ ಈ ವಿದ್ಯೆ, ಟೆಂಟ್ ಸಿನಿಮಾದ ಡೈಲಾಗು, ಎರಡೂ ಅವನ ನಾಲಿಗೆಯ ತುದಿಯಲ್ಲಿದ್ದವು.

ಜೊತೆಗೆ ಕೀಟಲೆ. ಎಪ್ಪತ್ತೆಂಟರ ಚಳಿಗಾಲದಲ್ಲಿ ಅವನು ಭಾವ ಮುತ್ತರಾಯಪ್ಪನ ಗಾಳದ ದಾರಕ್ಕೆ ಇನ್ನೊಂದು ದಾರ ಕಟ್ಟಿ, ಜೊಂಡಿನ ಮರೆಯಲ್ಲಿ ಕೂತು ಜಗ್ಗಿದ್ದ.

"ಕೊರವ ಮೀನು ಕಣ್ರಲಾ! ಆನೆಯಂಗೆ ಐತೆ!" ಎಂದು ಕೂಗುತ್ತ ಭಾವ ಎಳೆದ. ಮೇಲೆ ಬಂದದ್ದು ಕದಿರಪ್ಪ ದಾರಕ್ಕೆ ಕಟ್ಟಿದ್ದ ಹರಿದ ಎಕ್ಕಡ. ಕೆರೆ ಏರಿಯೆಲ್ಲ ನಕ್ಕಿತು.

"ಮಳೆ ಬರ್ಲಿ ಕಣ್ಲಾ ಕದ್ರ, ನಿಂಗೂ ಹಿಂಗೇ ಜಗ್ತೀನಿ" ಎಂದ ಭಾವ.

ಮಳೆ ಬಂತು. ಕೋಡಿ ಬಿತ್ತು. ಕೂಳಿ ಇಡಲು ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟುವುದು, ಆ ಹಗ್ಗವನ್ನು ಅವನ ಹೆಂಡತಿಯ ಒಡಹುಟ್ಟಿದವನೇ ಹಿಡಿಯುವುದು ಆ ಊರಿನ ವಾಡಿಕೆ. ತಂಗಿಯ, ಅಕ್ಕನ ತಾಳಿಯನ್ನು ಯಾರೂ ಕೈಬಿಡುವುದಿಲ್ಲ ಎಂಬ ನಂಬಿಕೆ. ಇಳಿದವನು ಬಿಡದೆ ಜಗ್ಗಿದರೆ ಮೇಲಕ್ಕೆ ಎಳೆಯಬೇಕು.

ಭಾವ ಇಳಿಯಲು, ಕದಿರಪ್ಪ ಹಿಡಿಯಲು, ಅಕ್ಕ ಕೊಂಡಮ್ಮ ತನ್ನ ಬಾವಿಯ ಹಗ್ಗವನ್ನೇ ಬಿಚ್ಚಿ ಕೊಟ್ಟಳು. "ಆಟ ಆಡ್ಬೇಡ ಕಣೋ ಕದ್ರ. ಹಗ್ಗ ಹಳೇದು, ನೋಡ್ಕೊಂಡು ಹಿಡ್ಕೊ."

"ಈ ಕದಿರಪ್ಪ ಹಿಡಿದ್ ಮೇಲೆ ಯಮ ಬಂದ್ರೂ ಹೌಸ್‌ಫುಲ್ ಅಂತ ವಾಪಸ್ ಕಳಿಸ್ತೀನಿ, ಅಕ್ಕ!"

ಸಂಜೆಗೆ ಮುತ್ತರಾಯಪ್ಪನ ಹೆಣ ಮನೆಗೆ ಬಂತು. ಸೊಂಟದಲ್ಲಿ ಮೊಳದುದ್ದದ ಹಗ್ಗ, ತುದಿಯೆಲ್ಲ ನಾರುನಾರು.

"ಜಗ್ದ, ನಾನೂ ಎಳ್ದೆ. ಎಳ್ದ ರಭಸಕ್ಕೆ ಹಗ್ಗ ಕಿತ್ತೋಯ್ತು" ಎಂದ ಕದಿರಪ್ಪ. ಊರು ನಂಬಿತು. ಕೊಂಡಮ್ಮನೂ ನಂಬಿದಳು. ಆ ತುಂಡನ್ನು ಮಡಿಲಲ್ಲಿಟ್ಟುಕೊಂಡು, "ಹಳೇ ಹಗ್ಗ ಕೊಟ್ಟು ನಾನೇ ಕೊಂದ್ಬುಟ್ಟೆ" ಎಂದು ಅತ್ತಳು. ಅಂದಿನಿಂದ ಅವಳು ಆ ಬಾವಿಯ ಕಡೆ ತಲೆ ಹಾಕಲಿಲ್ಲ. ಕದಿರಪ್ಪ ಜೂಜುವಾಡಿಯ ಟೀ ಅಂಗಡಿಯಲ್ಲಿ ತನ್ನ ರಟ್ಟೆಯ ಕಥೆ ಹೇಳುತ್ತಲೇ ಇದ್ದಾನೆ.

ಅದೇ ಕಥೆಯನ್ನು ನಾನೂ ಮೊದಲಿಗೆ ನಿಮಗೆ ಜಂಬದಿಂದ ಹೇಳಿದೆ. ಹಗ್ಗ ಕಿತ್ತಿರಲಿಲ್ಲ.

ಕೆಂಪು ನೊರೆಯಲ್ಲಿ ಭಾವನ ತಲೆ ಕಾಣುತ್ತಿರಲಿಲ್ಲ. ಹಗ್ಗ ಜಗ್ಗಿತು. ಮತ್ತೆ ಜಗ್ಗಿತು. ಬಿಡದೆ ಜಗ್ಗಿತು. ಕದಿರಪ್ಪನಿಗೆ ಎಕ್ಕಡ ನೆನಪಾಯಿತು.

"ನಾನೇ ಬರೆದಿರೋ ಸೀನು, ನಂಗೇ ತೋರಿಸ್ತೀಯಾ ಭಾವ?" ಎಂದು ನಕ್ಕ. ನೀರು ಕುಡಿದು ಬೈಯುತ್ತ ಎದ್ದು ಬರಲಿ ಎಂದು ಹಗ್ಗವನ್ನು ಪೂರಾ ಬಿಟ್ಟ. ಅದು ಹಾವಿನಂತೆ ನೊರೆಯೊಳಗೆ ಹೋಯಿತು. ಯಾರೂ ಏಳಲಿಲ್ಲ.

ಓಡಿ ಹೋದಾಗ, ಕಾಲುವೆಯ ತಿರುವಿನ ಹೊಂಗೆ ಬೇರಿನಲ್ಲಿ ಭಾವ ಸಿಕ್ಕಿಕೊಂಡಿದ್ದ. ಸೊಂಟದ ಹಗ್ಗ ಇಡಿಯಾಗಿತ್ತು. ಊರವರ ಕೂಗು ಹತ್ತಿರವಾಗುತ್ತಿತ್ತು. ಕದಿರಪ್ಪ ಎರಡು ಕಲ್ಲು ಹುಡುಕಿ, ಹಗ್ಗವನ್ನು ನಡುವೆ ಇಟ್ಟು, ನಾರುನಾರಾಗಿ ಕಿತ್ತುಬರುವವರೆಗೂ ಜಜ್ಜಿದ. ಉಳಿದದ್ದನ್ನು ನೀರಿಗೆ ಬಿಟ್ಟ.