ಗೋಡೆಯ ಮೇಲಿನ ಅಮಾವಾಸ್ಯೆ

ಮಸ್ಕಿ ಕಡೆಯ ಆ ಹಳ್ಳಿ ಶಾಲೆಯ ಏಳನೇ ತರಗತಿ ಗೋಡೆಗೆ ಅಮಾವಾಸ್ಯೆಯ ಚಂದ್ರನನ್ನು ಬರೆಸಿದವರು ಹೆಡ್‌ಮಾಸ್ತರ್ ಶರಣಬಸವ. ಪುಸ್ತಕ ತೆರೆದು ಪೇಂಟರ್ ಆಸೀಮ್‌ಗೆ ಬೆರಳಿಟ್ಟು ತೋರಿಸಿದ್ದು ಮಾತ್ರ ಗ್ರಹಣದ ಚಿತ್ರ. ಅದರಲ್ಲಿ ಬಣ್ಣ ಜಾಸ್ತಿ ಇತ್ತಲ್ಲ! ಸೂರ್ಯ, ನಡುವೆ ಭೂಮಿ, ಭೂಮಿಯ ನೆರಳಲ್ಲಿ ಕರ್ರಗೆ ಚಂದ್ರ. ಕೆಳಗೆ ದಪ್ಪಕ್ಷರದಲ್ಲಿ ‘ಅಮಾವಾಸ್ಯೆ’ ಎಂದು ಬರೆಸಿ, ಪಕ್ಕದಲ್ಲಿ ನಿಂತು ಫೋಟೊ ಹೊಡೆಸಿಕೊಂಡರು. ತಪ್ಪೆಂದು ಹೇಳುವ ಧೈರ್ಯ ಯಾರಿಗಿತ್ತು?

ಸುಕನ್ಯಾಗಂತೂ ಇರಲಿಲ್ಲ. ಸಿಂಧನೂರಿನಿಂದ ದಿನಾ ಬಸ್ಸಿಗೆ ಬರುವ ಅತಿಥಿ ಶಿಕ್ಷಕಿ ಅವಳು. ಪ್ರತಿ ಜೂನಿಗೆ ಹೆಡ್‌ಮಾಸ್ತರರು ಹೆಸರು ಬರೆದು ಕಳಿಸಿದರೆ ಕೆಲಸ, ಇಲ್ಲದಿದ್ದರೆ ಮನೆ. ಆದರೂ ವಿಜ್ಞಾನ ಓದಿದ ಜೀವ ಸುಮ್ಮನಿರಬೇಕಲ್ಲ! ಚಪ್ಪಲಿ ಡಬ್ಬಿಯೊಳಗೆಲ್ಲ ಕಪ್ಪು ಬಳಿದು, ನಡುವೆ ದಾರಕ್ಕೆ ಬಿಳಿ ಚೆಂಡು ಇಳಿಬಿಟ್ಟು, ಒಂದು ತುದಿಗೆ ಬ್ಯಾಟರಿ ದೀಪ ಸಿಕ್ಕಿಸಿ, ಸುತ್ತಲೂ ತೂತು ಕೊರೆದಳು. ಬ್ಯಾಟರಿ ಸೂರ್ಯ, ಚೆಂಡು ಚಂದ್ರ, ತೂತಿಗೆ ಕಣ್ಣಿಟ್ಟವರು ಭೂಮಿಯವರು. ಬ್ಯಾಟರಿ ಪಕ್ಕದ ತೂತಿನಿಂದ ಹುಣ್ಣಿಮೆ, ಮಗ್ಗುಲಿನಿಂದ ಅರ್ಧಚಂದ್ರ, ಎದುರು ತುದಿಯಿಂದ ನೋಡಿದರೆ ಕರೀ ಚೆಂಡು, ಅದೇ ಅಮಾವಾಸ್ಯೆ.

ಏಳನೇ ತರಗತಿಯ ದುರ್ಗಾದೇವಿ ತೂತಿನಿಂದ ಕಣ್ಣು ತೆಗೆಯಲೇ ಇಲ್ಲ. “ಟೀಚರ್ರೀ, ಇದರಾಗ ಭೂಮಿ ನೆಳ್ಳು ಎಲ್ಲೈತ್ರೀ? ಬೆಳಕು ಬಿದ್ದದ್ದು ಆ ಕಡೀಗೆ, ನಾವು ನೋಡೋದು ಈ ಕಡೀಗೆ. ಹಂಗಾರ ಗ್ವಾಡಿ ಚಿತ್ರ ಸುಳ್ಳೈತಿ!”

ಸುಕನ್ಯಾಗೆ ಹಿಗ್ಗೋ ಹಿಗ್ಗು. “ಶಾಣ್ಯಾಕಿ ಅದಿ ನೋಡು. ನಿನ್ನ ಕಣ್ಣಿಗೆ ಕಂಡದ್ದ ಖರೆ,” ಅಂದುಬಿಟ್ಟಳು.

ಫೆಬ್ರವರಿಯಲ್ಲಿ ತಪಾಸಣೆಗೆ ಸಾಹೇಬರು ಬಂದರು. ಗೋಡೆ ನೋಡಿ, ಭಲೇ ಎಂದು ಹೆಡ್‌ಮಾಸ್ತರರ ಬೆನ್ನು ತಟ್ಟಿ, “ಅಮಾವಾಸಿ ಯಾಕ ಆಗ್ತದ, ಯಾರು ಹೇಳ್ತೀರಿ?” ಎಂದು ಕೇಳಿದ್ದೇ ತಡ, ದುರ್ಗಾದೇವಿ ಎದ್ದಳು.

“ಸರ್ರೀ, ಆ ಚಿತ್ರ ತಪ್ಪೈತ್ರೀ, ಅದು ಗ್ರಹಣದ್ದು. ಟೀಚರು ಡಬ್ಬಿಯೊಳಗ ತೋರಿಸ್ಯಾರ.”

ಹೆಡ್‌ಮಾಸ್ತರರ ಮುಖ ಕಪ್ಪಿಟ್ಟಿತು. ಸಾಹೇಬರು ಹುಬ್ಬೇರಿಸಿದರು. “ಹೌದೇನ್ರೀ ಟೀಚರ್? ನೀವು ಕಲಿಸಿದ್ದಾ?”

ಸುಕನ್ಯಾಗೆ ಜೂನ್ ತಿಂಗಳು ಕಣ್ಮುಂದೆ ಬಂತು. “ಇಲ್ರೀ ಸರ್. ನಾ ಗ್ವಾಡಿ ಮ್ಯಾಲ ಇದ್ದದ್ದನ್ನ ಕಲಿಸೀನಿ.”

“ಟೀಚರ್ರೀ, ನೀವ ಅಂದಿದ್ರಲ್ರೀ…”

“ಬಾಯಿ ಮುಚ್ಚಬೇ! ಸುಳ್ಳು ಬ್ಯಾರೆ ಹೇಳ್ತಿ?” ಸುಕನ್ಯಾ ಗದರಿದಳು.

ಅಯ್ಯೋ, ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಹೆಡ್‌ಮಾಸ್ತರರ ಕಣ್ಣು ಇನ್ನೂ ತನ್ನ ಮೇಲೇ ಇದೆಯೆಂದು ಹುಡುಗಿಯ ಕಿವಿ ಹಿಂಡಿ ಗೋಡೆಯವರೆಗೆ ಎಳೆದೊಯ್ದಳು. “ಏನ್ ಕಾಣ್ತದ? ಎಲ್ಲಾರಿಗೂ ಕೇಳೋಹಂಗ ಹೇಳು!” ಕಿವಿ ಬಿಡಲಿಲ್ಲ. ಮೂರನೇ ಸಲಕ್ಕೆ ಹುಡುಗಿ ಅಳುತ್ತಾ “ಭೂಮಿ ನೆಳ್ಳುರೀ” ಎಂದಳು. ತರಗತಿ ಗೊಳ್ಳೆಂದು ನಕ್ಕಿತು. ಸಾಹೇಬರೂ ನಕ್ಕು, ಚಹಾಕ್ಕೆ ಎದ್ದರು.

ಜೂನಿನಲ್ಲಿ ಸುಕನ್ಯಾಳ ಹೆಸರು ಬಂತು. ನಾಚಿಕೆ ಮಾತ್ರ ಹೋಗಲಿಲ್ಲ. ಎಂಟನೇ ತರಗತಿಗೆ ಬಂದ ಹುಡುಗಿಯ ಕಣ್ಣು ತಪ್ಪಿಸಿ ಓಡಾಡುತ್ತಿದ್ದಳು. ಹೇಗಾದರೂ ಸರಿಮಾಡಬೇಕೆಂದು, ಋತುಗಳ ಪಾಠಕ್ಕೆ ಚೆಂಡಿಗೆ ಕಡ್ಡಿ ಚುಚ್ಚಿ ಓರೆಯಾಗಿ ತಿರುಗುವ ಭೂಮಿ ಮಾಡಿ ತಂದು, ಮೊದಲು ದುರ್ಗಾದೇವಿಯ ಮುಂದೆಯೇ ಹಿಡಿದಳು.

“ಬಾರವ್ವಾ, ತಿರುಗಿಸಿ ನೋಡು. ಎಲ್ಲಿ ಬಿಸಲು ನೆಟ್ಟಗ ಬೀಳ್ತದ, ನೀನ ಹೇಳು.”

ಹುಡುಗಿ ಚೆಂಡಿನತ್ತ ಕಣ್ಣೆತ್ತಲಿಲ್ಲ. ನೋಟ್‌ಬುಕ್ ತೆರೆದು ಪೆನ್ನು ಹಿಡಿದಳು.

“ನೋಡೂದು ಬ್ಯಾಡ್ರೀ ಟೀಚರ್. ಸಾಹೇಬ್ರು ಬಂದಾಗ ಏನ್ ಕಾಣ್ತದ ಅನ್ನಬೇಕು, ಅದನ್ನ ಹೇಳ್ರೀ. ಬರಕೊಂತೀನಿ.”